ಇಸಿಜಿ ಸರಿಯಿದೆ, ನೋವು ಹಾಗೇ ಇದೆ

ಎದೆನೋವೆಂದು ಗಾಬರಿಯಿಂದ ಆಸ್ಪತ್ರೆಗೆ ಓಡಿದ ಅನೇಕರು ಒಂದು ಇಸಿಜಿ ಪಟ್ಟಿ, ಗ್ಯಾಸ್ಟ್ರಿಕ್ ಮಾತ್ರೆಯ ಒಂದು ಚೀಟಿ ಮತ್ತು ‘ಹಾರ್ಟ್‌ಗೆ ಏನೂ ಆಗಿಲ್ಲ, ಧೈರ್ಯವಾಗಿರಿ’ ಎಂಬ ಮಾತಿನೊಂದಿಗೆ ಮನೆಗೆ ಮರಳುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧಕ್ಕೇ ನಿಂತ ಮಾತು. ಹೃದಯಕ್ಕೆ ಏನೂ ಆಗಿಲ್ಲವಾದರೆ ಮತ್ತೆ ಆಗಿರುವುದು ಯಾವುದಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ವಾರದ ನಂತರ ಅದೇ ನೋವು ಅದೇ ಜಾಗದಲ್ಲಿ ಚುಚ್ಚಿದಾಗ ಮೊದಲಿನ ಧೈರ್ಯ ಕರಗಿ, ಇನ್ನೊಂದು ಆಸ್ಪತ್ರೆ, ಇನ್ನೊಂದು ಇಸಿಜಿ, ಎಕೋ, ಟಿಎಂಟಿ ಎಂದು ಸುತ್ತಾಟ ಶುರುವಾಗುತ್ತದೆ. ಇಂಥ ನೋವುಗಳಲ್ಲಿ ದೊಡ್ಡ ಪಾಲು ಎದೆಗೂಡಿನ ಗೋಡೆಯದು. ಅದರಲ್ಲೂ ಪಕ್ಕೆಲುಬನ್ನು ಎದೆಮೂಳೆಗೆ ಸೇರಿಸುವ ಮೃದ್ವಸ್ಥಿಯ ಸಂದಿಯಲ್ಲಿ ಹುಟ್ಟುವ ನೋವನ್ನು ವೈದ್ಯರು ಕಾಸ್ಟೋಕಾಂಡ್ರೈಟಿಸ್ ಎನ್ನುತ್ತಾರೆ. ಎಲ್ಲ ಪರೀಕ್ಷೆಗಳಲ್ಲೂ ಏನೂ ಸಿಗದಾಗ ಕೊನೆಗೆ ಅಂಟಿಸುವ ಚೀಟಿಯಂತೆ ಈ ಹೆಸರು ಬಳಕೆಯಾಗುತ್ತಿದೆ. ಹೃದಯದ ಅಪಾಯವನ್ನು ಮೊದಲು ತೂಗಿ ನೋಡಿ, ಆಮೇಲೆ ಬೆರಳಿನಿಂದ ಒತ್ತಿ ಪರೀಕ್ಷಿಸಿ, ಕಂಡದ್ದನ್ನು ಖಚಿತವಾಗಿ ಹೇಳಬೇಕಾದ ಸ್ವತಂತ್ರ ರೋಗನಿರ್ಣಯ ಇದು ಎಂಬುದು ಈ ಲೇಖನದ ವಾದ. ಈ ಎರಡು ಹೆಜ್ಜೆಗಳ ಕ್ರಮ ತಪ್ಪಿದರೆ ಜೀವಕ್ಕೆ ಕುತ್ತು ಬರಬಹುದು. ಎರಡನೆಯ ಹೆಜ್ಜೆಯನ್ನೇ ಬಿಟ್ಟರೆ ರೋಗಿ ತಿಂಗಳುಗಟ್ಟಲೆ ಭಯದಲ್ಲಿ ಬದುಕಬೇಕಾಗುತ್ತದೆ.

ಮೊದಲು ಎದೆಗೂಡಿನ ರಚನೆ ನೋಡೋಣ. ನಮಗೆ ಹನ್ನೆರಡು ಜೊತೆ ಪಕ್ಕೆಲುಬುಗಳಿವೆ. ಮೇಲಿನ ಏಳು ಜೊತೆ ತಮ್ಮ ತಮ್ಮ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಎಂಟರಿಂದ ಹತ್ತನೆಯವು ತಮ್ಮ ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಗೆ ಆತುಕೊಂಡಿರುತ್ತವೆ. ಕೊನೆಯ ಎರಡು ಜೊತೆಗೆ ಮುಂದೆ ಯಾವ ಆಸರೆಯೂ ಇಲ್ಲ. ಉಸಿರೆಳೆದಾಗ ಎದೆ ಹಿಗ್ಗುವುದು ಈ ಮೃದ್ವಸ್ಥಿಗಳು ಬಾಗುವುದರಿಂದ. ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಕನಿಷ್ಠ ಲೆಕ್ಕ ಹಿಡಿದರೂ ದಿನಕ್ಕೆ ಹದಿನೇಳು ಸಾವಿರಕ್ಕಿಂತ ಹೆಚ್ಚು ಸಲ ಈ ಸಂದಿಗಳು ಅಲುಗುತ್ತವೆ. ಉಳುಕಿದ ಕಾಲಿಗೆ ಪಟ್ಟಿ ಕಟ್ಟಿ ಮಲಗಬಹುದು, ಪಕ್ಕೆಲುಬಿನ ಸಂದಿಗೆ ಆ ಭಾಗ್ಯವಿಲ್ಲ. ಸಾಲದೆಂಬಂತೆ ಮೃದ್ವಸ್ಥಿಯ ಒಳಗೆ ರಕ್ತನಾಳಗಳಿಲ್ಲ, ಪೋಷಣೆಯೆಲ್ಲ ಸುತ್ತಲಿನ ಪೊರೆಯಿಂದಲೇ ಬರಬೇಕು. ನೋವನ್ನು ಅರಿಯುವ ನರಗಳಿರುವುದೂ ಆ ಪೊರೆಯಲ್ಲೇ. ನೋವು ನಿಧಾನವಾಗಿ ಮಾಗುವುದು ಏಕೆ, ಕೆಮ್ಮಿದರೆ, ಮಗ್ಗುಲು ಬದಲಿಸಿದರೆ, ದೀರ್ಘವಾಗಿ ಉಸಿರೆಳೆದರೆ ಹೆಚ್ಚಾಗುವುದು ಏಕೆ ಎಂಬುದಕ್ಕೆ ವಿವರಣೆ ಇಲ್ಲಿಯೇ ಇದೆ. ಇದು ಹೃದಯದ ನೋವಿನಂತೆ ಭಾಸವಾಗುವುದಕ್ಕೂ ಕಾರಣವಿದೆ. ಹೃದಯದ ನೋವನ್ನು ಒಯ್ಯುವ ನರತಂತುಗಳೂ ಎದೆಗೋಡೆಯ ಮೇಲ್ಭಾಗದ ನರಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಒಳಹೊಗುತ್ತವೆ. ಸಂದೇಶ ಯಾವ ಮನೆಯಿಂದ ಬಂತೆಂದು ಮಿದುಳು ಸ್ಪಷ್ಟವಾಗಿ ಗುರುತಿಸಲಾರದು. ಆದ್ದರಿಂದ ಎಡ ಪಕ್ಕೆಲುಬಿನ ನೋವನ್ನು ಹೃದಯದ್ದೆಂದು ಹೆದರುವ ರೋಗಿಯನ್ನು ಪುಕ್ಕಲನೆಂದು ನಗುವಂತಿಲ್ಲ.

ಈ ನೋವಿಗೆ ವೈದ್ಯಗ್ರಂಥಗಳಲ್ಲಿ ಜಾಗ ದೊರಕಿಸಿದವರಲ್ಲಿ ಮುಖ್ಯ ಹೆಸರು ಅಲೆಕ್ಸಾಂಡರ್ ಟೀಟ್ಸೆಯದು. ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡಿನ ವ್ರೊತ್ಸ್ವಾಫ್ ಆಗಿರುವ ಬ್ರೆಸ್ಲಾವ್ ನಗರದ ಶಸ್ತ್ರವೈದ್ಯ ಆತ. ಪಕ್ಕೆಲುಬಿನ ಮೃದ್ವಸ್ಥಿ ಊದಿಕೊಂಡು ನೋಯುತ್ತಿದ್ದ ನಾಲ್ವರು ರೋಗಿಗಳ ವಿವರವನ್ನು 1921ರಲ್ಲಿ ಪ್ರಕಟಿಸಿದ. ಮೊದಲ ಮಹಾಯುದ್ಧ ಮುಗಿದು ಜರ್ಮನಿ ಹಸಿವಿನಲ್ಲಿದ್ದ ಕಾಲವದು. ಕ್ಷಯವೂ ಮನೆಮನೆಯ ರೋಗವಾಗಿತ್ತು. ಹಾಗಾಗಿ ಅಪೌಷ್ಟಿಕತೆ ಮತ್ತು ಕ್ಷಯದ ಕಡೆಗೆ ಆತನ ಅನುಮಾನ ಹೋದದ್ದು ಸಹಜ. ಚೆನ್ನಾಗಿ ಉಂಡವರಲ್ಲೂ ಕ್ಷಯವಿಲ್ಲದವರಲ್ಲೂ ಇದು ಕಾಣುತ್ತದೆಂದು ಮುಂದೆ ಗೊತ್ತಾಯಿತು. ಊತ ಕಣ್ಣಿಗೆ ಕಾಣುವ ಈ ಬಗೆಗೆ ಟೀಟ್ಸೆ ಸಿಂಡ್ರೋಮ್ ಎಂಬ ಹೆಸರು ನಿಂತಿದೆ. ಇದು ಅಪರೂಪ, ಸಾಮಾನ್ಯವಾಗಿ ನಲವತ್ತರೊಳಗಿನವರಲ್ಲಿ, ಎರಡನೆಯ ಅಥವಾ ಮೂರನೆಯ ಪಕ್ಕೆಲುಬಿನ ಒಂದೇ ಸಂದಿಯಲ್ಲಿ ಬರುತ್ತದೆ. ಊತವಿಲ್ಲದೆ ಎರಡರಿಂದ ಐದನೆಯವರೆಗಿನ ಹಲವು ಸಂದಿಗಳು ನೋಯುವ ಕಾಸ್ಟೋಕಾಂಡ್ರೈಟಿಸ್ ಅದಕ್ಕಿಂತ ಬಹಳ ಹೆಚ್ಚು. ನಲವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಎರಡನ್ನೂ ಒಂದೇ ಎಂದು ಬರೆಯುವ ರೂಢಿ ಇದ್ದರೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಊತ ಕಂಡರೆ ಬೇರೆ ಕಾರಣಗಳನ್ನೂ ಹುಡುಕಬೇಕಾಗುತ್ತದೆ.

ಎಷ್ಟು ಜನರಿಗೆ ಹೀಗಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ನಾವು ಎಲ್ಲಿ ನಿಂತು ಎಣಿಸುತ್ತೇವೆ ಎಂಬುದರ ಮೇಲಿದೆ. ಅಮೆರಿಕದ ಒಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಎದೆನೋವೆಂದು ಬಂದ 122 ಜನರನ್ನು ಸಾಲಾಗಿ ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 30 ಮಂದಿಗೆ ಕಾಸ್ಟೋಕಾಂಡ್ರೈಟಿಸ್ ಇತ್ತು. ಕುಟುಂಬ ವೈದ್ಯರ ಬಳಿ ಬರುವವರಲ್ಲಿ ಒಟ್ಟಾರೆ ಎದೆಗೋಡೆಯ ನೋವಿನ ಪಾಲು ದೊಡ್ಡದು. ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ ಎದೆನೋವಿನ 672 ರೋಗಿಗಳ ಪೈಕಿ 300 ಮಂದಿಯ ನೋವು ಎದೆಗೋಡೆಯದಾಗಿತ್ತು. ಜರ್ಮನಿಯಲ್ಲಿ 1212 ಜನರನ್ನು ನೋಡಿದಾಗ ಶೇ 46.6 ಮಂದಿಯದು ಇದೇ ಗುಂಪು. ಎದೆಗೋಡೆಯ ನೋವೆಂದರೆ ಮೃದ್ವಸ್ಥಿಯ ನೋವೊಂದೇ ಅಲ್ಲ, ಸ್ನಾಯುವಿನದೂ ಸೇರುತ್ತದೆ ಎಂಬ ಎಚ್ಚರ ಇಲ್ಲಿ ಬೇಕು. ಆದರೂ ಮನೆ ಹತ್ತಿರದ ಕ್ಲಿನಿಕ್ಕಿಗೆ ಎದೆ ಹಿಡಿದುಕೊಂಡು ಬರುವವರಲ್ಲಿ ಸುಮಾರು ಅರ್ಧದಷ್ಟು ಜನರ ನೋವು ಹೃದಯದ್ದೂ ಅಲ್ಲ, ಹೊಟ್ಟೆಯದೂ ಅಲ್ಲ, ಎದೆಗೂಡಿನದೇ ಎಂಬುದನ್ನು ಯುರೋಪಿನ ಈ ಅಂಕಿಗಳು ತೋರಿಸುತ್ತವೆ. ನಮ್ಮಲ್ಲಿ ಇಂಥ ನೋವನ್ನು ‘ಗ್ಯಾಸ್’ ಎಂದು ಕರೆದು ಮುಗಿಸುವ ಅಭ್ಯಾಸ ರೋಗಿಗಳಲ್ಲೂ ಇದೆ, ಔಷಧಿ ಅಂಗಡಿಗಳಲ್ಲೂ ಇದೆ. ಜೀರ್ಣಾಂಗದ ಕಾರಣದಿಂದ ಎದೆ ಉರಿಯುವುದುಂಟು, ನಿಜ. ಆದರೆ ಬೆರಳಿಟ್ಟು ತೋರಿಸಬಹುದಾದ, ಒತ್ತಿದರೆ ಹೆಚ್ಚಾಗುವ ನೋವಿಗೆ ಆಮ್ಲ ತಗ್ಗಿಸುವ ಮಾತ್ರೆಯಿಂದ ಏನು ಪ್ರಯೋಜನ?

ಆ ಬೆರಳೇ ಇಲ್ಲಿ ಮುಖ್ಯ ಸಾಧನ. ಎದೆಮೂಳೆಯ ಎರಡೂ ಅಂಚಿನಲ್ಲಿ ಒಂದೊಂದೇ ಸಂದಿಯನ್ನು ಬೆರಳ ತುದಿಯಿಂದ ಒತ್ತುತ್ತ ಹೋಗಬೇಕು. ನೋಯುತ್ತದೆಯೇ ಎಂದು ಕೇಳಿದರೆ ಸಾಲದು, ಜೋರಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ನೀವು ಹೇಳುತ್ತಿದ್ದ ನೋವು ಇದೇನಾ ಎಂದು ಕೇಳಬೇಕು. ರೋಗಿಯನ್ನು ಆಸ್ಪತ್ರೆಗೆ ತಂದ ನೋವೇ ಬೆರಳಿನ ಕೆಳಗೆ ಮರುಕಳಿಸಿದರೆ ಮಾತ್ರ ಅದು ಸಾಕ್ಷ್ಯ. ತೋಳನ್ನು ಎದೆಗೆ ಅಡ್ಡಲಾಗಿ ಎಳೆದಾಗ, ಕೈಗಳನ್ನು ಹಿಂದಕ್ಕೆ ಸೆಳೆದು ಕತ್ತೆತ್ತಿದಾಗ ಅದೇ ನೋವು ಬಂದರೆ ಆ ಸಾಕ್ಷ್ಯ ಗಟ್ಟಿಯಾಗುತ್ತದೆ. ಒತ್ತಿದಾಗ ಮರುಕಳಿಸುವ ನೋವಿನಲ್ಲಿ ಹೃದಯಾಘಾತದ ಸಂಭವ ಇಳಿಯುತ್ತದೆ ಎಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ಅಳೆದಿವೆ. ಅದರ ಸಂಭವನೀಯತಾ ಅನುಪಾತ ಸುಮಾರು 0.3. ಈ ಲಕ್ಷಣ ಕಂಡರೆ ಸಂದೇಹ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆಂದು ಅರ್ಥ. ಖರ್ಚಿಲ್ಲದ, ವಿಕಿರಣವಿಲ್ಲದ, ಅರ್ಧ ನಿಮಿಷದ ಪರೀಕ್ಷೆಗೆ ಇದು ಸಣ್ಣ ಫಲವೇನಲ್ಲ. ಆದರೆ ಮೂರನೇ ಒಂದಕ್ಕೆ ಇಳಿದ ಸಂದೇಹ ಸೊನ್ನೆಯಾಗಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮೊದಲ ಆಕ್ಷೇಪ ಏಳುವುದು ಇಲ್ಲಿಂದಲೇ.

ಮೇಲೆ ಹೇಳಿದ 1994ರ ಅಧ್ಯಯನದಲ್ಲಿ ಕಾಸ್ಟೋಕಾಂಡ್ರೈಟಿಸ್ ಲಕ್ಷಣವಿದ್ದವರಲ್ಲೂ ನೂರಕ್ಕೆ 6 ಮಂದಿಗೆ ಹೃದಯಾಘಾತವಾಗಿತ್ತು. ಆ ಲಕ್ಷಣವಿಲ್ಲದವರಲ್ಲಿ ಈ ಪಾಲು 28. ವ್ಯತ್ಯಾಸ ದೊಡ್ಡದೇ. ಆದರೆ ಆರು ಮಂದಿಯನ್ನು ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸುವ ವೈದ್ಯವಿಧಾನವನ್ನು ಯಾರೂ ಒಪ್ಪಲಾರರು. ಆಕ್ಷೇಪ ಸರಿಯಾಗಿಯೇ ಇದೆ, ಅದಕ್ಕೆ ಉತ್ತರ ಕ್ರಮದಲ್ಲಿದೆ. ಬೆರಳಿನ ಪರೀಕ್ಷೆ ಹೃದಯದ ಪರೀಕ್ಷೆಯ ಜಾಗಕ್ಕೆ ಬರಬಾರದು, ಅದರ ನಂತರ ಬರಬೇಕು. ತೀವ್ರ ಎದೆನೋವಿನಿಂದ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂದು ಅಮೆರಿಕದ ಹೃದ್ರೋಗ ಸಂಘಟನೆಗಳ 2021ರ ಮಾರ್ಗಸೂಚಿ ಹೇಳುತ್ತದೆ. ಒಂದು ಇಸಿಜಿ ಸರಿಯಾಗಿದ್ದರೂ ಅನುಮಾನವಿದ್ದರೆ ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಮಾಡಬೇಕು. ಔಷಧಿಗೆ ನೋವು ಇಳಿಯಿತೆಂಬುದನ್ನು ಪುರಾವೆಯಾಗಿ ಹಿಡಿಯುವಂತಿಲ್ಲ. ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಕುರಿತ 2003ರ ಅಧ್ಯಯನವೊಂದರಲ್ಲಿ ಹೃದಯದ ತೊಂದರೆ ಇದ್ದವರಲ್ಲಿ ಶೇ 35, ಇಲ್ಲದವರಲ್ಲಿ ಶೇ 41 ಮಂದಿಗೆ ನೋವು ಇಳಿಯಿತು; ಬೇರ್ಪಡಿಸುವ ಶಕ್ತಿ ಅದಕ್ಕಿಲ್ಲ. ಇದಕ್ಕಿಂತ ಗಂಭೀರ ಸಂಗತಿ ಇನ್ನೊಂದಿದೆ. ಎದೆಗೂಡಿನ ನೋವೆಂದು ಅವಸರದಲ್ಲಿ ಕೊಡುವ ಡೈಕ್ಲೋಫಿನಾಕ್ ಹೃದಯಾಘಾತದ ಅಪಾಯವನ್ನೇ ಹೆಚ್ಚಿಸಬಲ್ಲ ಔಷಧಿ. ಹೃದಯದ ರಕ್ತನಾಳದ ಕಾಯಿಲೆ ಇರುವವರು ಅದನ್ನು ಬಳಸಬಾರದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಎಚ್ಚರಿಸಿತ್ತು. ಹೀಗಾಗಿ ಕ್ರಮ ತಪ್ಪಿದ ರೋಗನಿರ್ಣಯ ರೋಗಿಗೆ ಎರಡು ಸಲ ಹಾನಿ ಮಾಡುತ್ತದೆ: ಬೇಕಾದ ಚಿಕಿತ್ಸೆ ತಡವಾಗುತ್ತದೆ, ಬೇಡದ ಔಷಧಿ ದೇಹ ಸೇರುತ್ತದೆ.

ಎರಡನೆಯ ಆಕ್ಷೇಪ ನಮ್ಮ ನೆಲದ್ದು. ಯುರೋಪಿನ ಅಂಕಿಗಳನ್ನು ನಂಬಿ ಇಲ್ಲಿನವರಿಗೆ ಧೈರ್ಯ ಹೇಳುವುದು ಎಷ್ಟು ಸರಿ? ಜಗತ್ತಿನ ಹಲವು ದೇಶಗಳನ್ನು ಒಳಗೊಂಡ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53 ವರ್ಷ, ಉಳಿದೆಡೆ 58.8. ಜರ್ಮನಿಯ ಮಾರ್ಬರ್ಗ್ ಹೃದಯ ಅಂಕಪಟ್ಟಿ ಕುಟುಂಬ ವೈದ್ಯರಿಗಾಗಿಯೇ ರೂಪಿಸಿದ ಒಳ್ಳೆಯ ಸಾಧನ. ವಯಸ್ಸು, ಮೊದಲೇ ಇರುವ ರಕ್ತನಾಳದ ಕಾಯಿಲೆ, ಶ್ರಮಪಟ್ಟಾಗ ಹೆಚ್ಚುವ ನೋವು, ಒತ್ತಿದಾಗ ಮರುಕಳಿಸದ ನೋವು, ಇದು ಹೃದಯದ್ದೇ ಎಂಬ ರೋಗಿಯ ಸ್ವಂತ ಅನಿಸಿಕೆ, ಹೀಗೆ ಐದು ಅಂಶಗಳಿಗೆ ಒಂದೊಂದು ಅಂಕ. ಆದರೆ ಅದರ ವಯಸ್ಸಿನ ಗೆರೆ ಗಂಡಸರಿಗೆ 55, ಹೆಂಗಸರಿಗೆ 65. ನಲವತ್ತೈದರ ಮಧುಮೇಹಿ, ಬೀಡಿ ಸಿಗರೇಟು ಸೇದುವ ಗಂಡಸಿಗೆ ಆ ಗೆರೆಯನ್ನು ಇಲ್ಲಿ ಹಾಗೆಯೇ ಎಳೆಯಲಾಗದು. ಪಟ್ಟಿಯಿಂದ ನಾವು ಕಲಿಯಬೇಕಾದದ್ದು ಅದರ ತರ್ಕವನ್ನು: ಒಂದೇ ಲಕ್ಷಣಕ್ಕೆ ಜೋತುಬೀಳದೆ ಎಲ್ಲವನ್ನೂ ಕೂಡಿಸಿ ತೂಗುವುದು. ವಯಸ್ಸಿನ ಗೆರೆಯನ್ನು ಮಾತ್ರ ಕೆಳಗಿಳಿಸಿಕೊಳ್ಳಬೇಕು. ಹೆಂಗಸರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. 1994ರ ಅಧ್ಯಯನದಲ್ಲಿ ಕಾಸ್ಟೋಕಾಂಡ್ರೈಟಿಸ್ ಇದ್ದವರಲ್ಲಿ ಶೇ 69 ಮಂದಿ ಹೆಂಗಸರು. ಇದೇ ಅಂಕಿ, ಎದೆನೋವೆಂದು ಬಂದ ಹೆಂಗಸನ್ನು ಪರೀಕ್ಷಿಸುವ ಮೊದಲೇ ‘ಮೈಕೈ ನೋವು, ಟೆನ್ಷನ್’ ಎಂದು ಕಳಿಸಿಬಿಡುವ ಹಳೆಯ ಚಾಳಿಗೆ ನೆಪವೂ ಆಗಬಹುದು. ಹೆಂಗಸರ ಹೃದಯಾಘಾತ ತಡವಾಗಿ ಪತ್ತೆಯಾಗುವುದು ತಿಳಿದ ವಿಷಯ. ಆದ್ದರಿಂದ ಮೊದಲ ಹೆಜ್ಜೆಯನ್ನು ಅವರಿಗಾಗಿ ಸಡಿಲಿಸುವಂತಿಲ್ಲ.

ಹಾಗಿದ್ದರೆ ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಬಿಟ್ಟರೆ ಸುರಕ್ಷಿತವಲ್ಲವೇ? ಈ ಭಾವನೆ ಕರ್ನಾಟಕದಲ್ಲಿ ಎಷ್ಟು ಬಲವಾಗಿದೆ ಎಂಬುದನ್ನು ಎರಡು ಸಂದರ್ಭಗಳು ತೋರಿಸಿದವು. 2021ರ ಅಕ್ಟೋಬರ್ 29ರಂದು 46 ವರ್ಷದ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಮತ್ತು 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದಾಗ, ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದರು. ಹಾಸನದ ಸಾವುಗಳ ಬಗ್ಗೆ ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ಅಸಹಜ ಏರಿಕೆ ಕಾಣಲಿಲ್ಲ. ಪುನೀತ್ ಸಾವಿನ ನಂತರದ ಭಯದಿಂದ ಒಳಿತೂ ಆಯಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಹೃದಯ ಜ್ಯೋತಿ ಯೋಜನೆ ಪುನೀತ್ ಹೆಸರಿನಲ್ಲೇ ಬಂದಿದೆ. ನಮ್ಮ ವಾದದ ಮೊದಲ ಹೆಜ್ಜೆಯನ್ನು ಹಳ್ಳಿಯ ಹತ್ತಿರಕ್ಕೆ ತಂದದ್ದು ಆ ಯೋಜನೆ. ಆದರೆ ಮೊದಲ ಹೆಜ್ಜೆ ದಾಟಿ, ಅಪಾಯ ಕಡಿಮೆಯೆಂದು ತೀರ್ಮಾನವಾದ ಮೇಲೂ ಪರೀಕ್ಷೆಗಳ ಮೇಲೆ ಪರೀಕ್ಷೆ ಮಾಡಿಸುವುದರಿಂದ ಸುರಕ್ಷತೆ ಹೆಚ್ಚುವುದಿಲ್ಲ. ರೋಗ ಇರುವ ಸಂಭವವೇ ತೀರ ಕಡಿಮೆಯಿರುವವರಲ್ಲಿ ಟಿಎಂಟಿ ‘ಪಾಸಿಟಿವ್’ ಬಂದರೆ ಅದು ಸುಳ್ಳಾಗಿರುವ ಸಾಧ್ಯತೆಯೇ ಹೆಚ್ಚು. ಇದು ಯಂತ್ರದ ದೋಷವಲ್ಲ, ಗಣಿತದ ನಿಯಮ. ಆ ಸುಳ್ಳು ಫಲಿತಾಂಶ ಆಂಜಿಯೋಗ್ರಾಂಗೆ ದಾರಿಮಾಡುತ್ತದೆ. ಅದರೊಂದಿಗೆ ವಿಕಿರಣ, ಕಾಂಟ್ರಾಸ್ಟ್ ದ್ರವ, ಸಾಲ, ನಿದ್ದೆಗೆಟ್ಟ ರಾತ್ರಿಗಳು ಬರುತ್ತವೆ. ಪಕ್ಕೆಲುಬು ಮಾತ್ರ ನೋಯುತ್ತಲೇ ಇರುತ್ತದೆ.

ಮೂರನೆಯ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ. ಕಾಸ್ಟೋಕಾಂಡ್ರೈಟಿಸನ್ನು ಸಾಬೀತುಮಾಡುವ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಇಎಸ್‌ಆರ್, ಸಿಆರ್‌ಪಿಯಂಥ ಉರಿಯೂತದ ಸೂಚಕಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಆ ಸಂದಿಯಲ್ಲಿ ನಿಜವಾಗಿಯೂ ಉರಿಯೂತ ಇದೆಯೋ, ಅತಿ ಬಳಕೆಯ ದಣಿವೋ, ನರಗಳ ಅತಿಸೂಕ್ಷ್ಮತೆಯೋ ಎಂಬುದು ಇತ್ಯರ್ಥವಾಗಿಲ್ಲ. ಕೆಮ್ಮು, ಭಾರ ಎತ್ತಿದ್ದು, ರೂಢಿಯಿಲ್ಲದ ವ್ಯಾಯಾಮ ಮುಂತಾದ ಕಾರಣಗಳು ಕೆಲವರಲ್ಲಿ ಸಿಗುತ್ತವೆ, ಅನೇಕರಲ್ಲಿ ಸಿಗುವುದಿಲ್ಲ. ಹೀಗಿರುವಾಗ ಇದನ್ನು ಖಚಿತ ರೋಗನಿರ್ಣಯ ಎನ್ನುವುದು ಹೇಗೆ? ತಲೆನೋವಿನ ಕಡೆ ನೋಡಿದರೆ ಉತ್ತರ ಸಿಗುತ್ತದೆ. ಮೈಗ್ರೇನನ್ನೂ ಯಾವ ಸ್ಕ್ಯಾನೂ ತೋರಿಸುವುದಿಲ್ಲ; ರೋಗಿಯ ವಿವರಣೆ ಮತ್ತು ಪರೀಕ್ಷೆಯಿಂದಲೇ ಅದನ್ನು ಗುರುತಿಸುತ್ತೇವೆ, ಯಾರೂ ಅದನ್ನು ‘ಏನೂ ಇಲ್ಲ’ ಎನ್ನುವುದಿಲ್ಲ. ರೋಗದ ಮೂಲಪ್ರಕ್ರಿಯೆ ಪೂರ್ತಿ ತಿಳಿಯದಿದ್ದರೂ ಅದರ ಲಕ್ಷಣ, ನಡೆ, ಮುಂದಿನ ಹಾದಿಯನ್ನು ಹೇಳಬಲ್ಲೆವಾದರೆ ಹೆಸರಿಗೆ ಅರ್ಹತೆ ಇದೆ. ಅಲ್ಲದೆ ಕಾರಣದ ಬಗ್ಗೆ ಇರುವ ಅನಿಶ್ಚಿತತೆಯನ್ನು ರೋಗಿಗೆ ಬಿಡಿಸಿ ಹೇಳುವುದು, ‘ವಾಯು’ ಎಂದು ತೇಲಿಸುವುದಕ್ಕಿಂತ ಪ್ರಾಮಾಣಿಕ.

ಚಿಕಿತ್ಸೆಯೇ ಗಟ್ಟಿಯಾಗಿಲ್ಲದಿರುವಾಗ ಹೆಸರು ಹೇಳಿ ಏನಾಗಬೇಕು ಎಂಬುದು ಕೊನೆಯ ಆಕ್ಷೇಪ. ಚಿಕಿತ್ಸೆಯ ಸಾಕ್ಷ್ಯ ತೆಳುವಾಗಿದೆ ಎಂಬುದು ನಿಜ. ದೊಡ್ಡ ಪ್ರಮಾಣದ ಪ್ರಯೋಗಗಳು ಇಲ್ಲವೆನ್ನುವಷ್ಟು ಕಡಿಮೆ. ಬಳಕೆಯಲ್ಲಿರುವುದು ನೋವು ಹೆಚ್ಚಿಸುವ ಕೆಲಸವನ್ನು ಕೆಲಕಾಲ ತಗ್ಗಿಸುವುದು, ಶಾಖ, ಮುಲಾಮು, ಪ್ಯಾರಾಸಿಟಮಾಲ್, ಮೂತ್ರಪಿಂಡ-ಹೊಟ್ಟೆ-ಹೃದಯದ ತೊಂದರೆ ಇಲ್ಲದವರಿಗೆ ಸ್ವಲ್ಪ ದಿನ ಉರಿಯೂತ ತಗ್ಗಿಸುವ ಮಾತ್ರೆ, ಎದೆಯ ಸ್ನಾಯುಗಳನ್ನು ಹಿಗ್ಗಿಸುವ ವ್ಯಾಯಾಮ. ಹಟ ಹಿಡಿದ ನೋವಿಗೆ ಸಂದಿಯ ಬಳಿ ಅರಿವಳಿಕೆ ಮತ್ತು ಸ್ಟೀರಾಯ್ಡ್ ಚುಚ್ಚುಮದ್ದು. ಬಹುತೇಕರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಕಡಿಮೆಯಾಗುತ್ತದೆ. ಆದರೆ ‘ತಾನಾಗಿಯೇ ಹೋಗುತ್ತದೆ’ ಎಂದಷ್ಟೇ ಹೇಳಿದರೆ ಅದೂ ಅರ್ಧಸತ್ಯ. 1994ರ ಅಧ್ಯಯನದವರನ್ನು ಒಂದು ವರ್ಷದ ಮೇಲೆ ನೋಡಿದಾಗ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಎದೆನೋವು ಇನ್ನೂ ಬರುತ್ತಿತ್ತು. ಸಂದಿಯನ್ನು ಒತ್ತಿದಾಗ ಖಚಿತ ಲಕ್ಷಣ ಉಳಿದಿದ್ದದ್ದು ಮೂರನೇ ಒಂದರಷ್ಟು ಮಂದಿಯಲ್ಲಿ. ಮರುಕಳಿಸಬಹುದೆಂದು ಮೊದಲೇ ಹೇಳಿದ್ದರೆ ಮರುಕಳಿಸಿದ ದಿನ ಆತಂಕ ಕಡಿಮೆ. ವಿವರಣೆಯಿಂದ ಗುಣವಿದೆ ಎಂಬುದು ಬರಿಯ ಊಹೆಯಲ್ಲ. ನ್ಯೂಜಿಲೆಂಡಿನಲ್ಲಿ ಎದೆನೋವಿಗಾಗಿ ಟ್ರೆಡ್‌ಮಿಲ್ ಪರೀಕ್ಷೆಗೆ ಬಂದ 92 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಲಿತಾಂಶ ಸರಿ ಬಂದರೆ ಅದರ ಅರ್ಥವೇನು ಎಂಬುದನ್ನು ಪರೀಕ್ಷೆಗೆ ಮುಂಚೆಯೇ ಕೂತು ವಿವರಿಸಿದವರಲ್ಲಿ ಸಮಾಧಾನ ಹೆಚ್ಚಿತ್ತು, ತಿಂಗಳ ನಂತರ ನೋವಿನ ದೂರು ಕಡಿಮೆಯಿತ್ತು. ಪರೀಕ್ಷೆ ಎಲ್ಲರಿಗೂ ಒಂದೇ, ಬದಲಾದದ್ದು ಆಡಿದ ಮಾತು.

ಹೆಸರು ಕೊಟ್ಟ ಮೇಲೆ ಕಣ್ಣು ಮುಚ್ಚಿಕೊಳ್ಳಬೇಕೆಂದು ಈ ವಾದ ಹೇಳುತ್ತಿಲ್ಲ. ಸಂದಿ ಊದಿ ಕೆಂಪಾಗಿ ಜ್ವರವಿದ್ದರೆ, ಅದರಲ್ಲೂ ಎದೆಯ ಶಸ್ತ್ರಚಿಕಿತ್ಸೆ ಆಗಿದ್ದವರಲ್ಲಿ, ಸೋಂಕನ್ನು ಹುಡುಕಬೇಕು. ನಮ್ಮಲ್ಲಿ ಪಕ್ಕೆಲುಬಿನ ಕ್ಷಯವೂ ಮರೆಯಬಾರದ ಕಾರಣ. ಬೆಳಗ್ಗೆ ಎದ್ದಾಗ ಬೆನ್ನು ಬಹಳ ಹೊತ್ತು ಬಿಗಿದುಕೊಂಡು ಜೊತೆಗೆ ಎದೆಮೂಳೆಯೂ ನೋಯುವ ತರುಣರಲ್ಲಿ ಬೆನ್ನೆಲುಬಿನ ಸಂಧಿವಾತ ಇರಬಹುದು. ಒಂದು ಬದಿಯಲ್ಲಿ ಪಟ್ಟಿಯಂತೆ ಉರಿದು ಕೆಲವು ದಿನಕ್ಕೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರ ಹೊಸ ಪಕ್ಕೆನೋವು, ರಾತ್ರಿ ಎಬ್ಬಿಸುವ ನೋವು, ತೂಕ ಇಳಿತ, ಉಸಿರಾಟದ ಕಷ್ಟ, ಇವು ಯಾವುವೂ ಈ ಹೆಸರಿನಡಿ ಮಲಗಬಾರದು. ನೋವಿನ ಸ್ವರೂಪ ಬದಲಾಗಿ, ನಡೆದಾಗ ಬಂದು ನಿಂತಾಗ ಹೋಗುವಂತಾದರೆ, ಬೆವರು, ವಾಕರಿಕೆ, ತೋಳು-ದವಡೆಗೆ ಹರಡುವ ಬಿಗಿತ ಸೇರಿದರೆ ಹಳೆಯ ಚೀಟಿಯನ್ನು ನಂಬಿ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ಮೃದ್ವಸ್ಥಿಯ ನೋವಿರುವವರಿಗೆ ಹೃದಯಾಘಾತ ಆಗುವುದಿಲ್ಲವೆಂಬ ಖಾತ್ರಿಯನ್ನು ಯಾರೂ ಕೊಟ್ಟಿಲ್ಲ.

ಹೀಗೆ ನೋಡಿದಾಗ ಬೇಕಾಗಿರುವ ಬದಲಾವಣೆಗೆ ಹೊಸ ಯಂತ್ರವೂ ಹೆಚ್ಚಿನ ಅನುದಾನವೂ ಬೇಡ. ಹೃದಯದ ತಪಾಸಣೆ ಮುಗಿದು ರೋಗಿಯನ್ನು ಮನೆಗೆ ಕಳಿಸುವ ವೈದ್ಯರು ಸಂದಿಗಳನ್ನು ಒತ್ತಿ ನೋಡಿ, ಚೀಟಿಯಲ್ಲಿ ಮೂರು ಸಂಗತಿ ಬರೆದರೆ ಸಾಕು: ನೋವು ಯಾವ ಜಾಗದ್ದು ಮತ್ತು ಅದರ ಹೆಸರೇನು, ಎಷ್ಟು ಕಾಲ ಇರಬಹುದು ಮತ್ತು ಮರುಕಳಿಸಬಹುದೇ, ಯಾವ ಲಕ್ಷಣ ಕಂಡರೆ ತಡಮಾಡದೆ ಮರಳಿ ಬರಬೇಕು. ಮೊದಲನೆಯದು ಗ್ಯಾಸ್ಟ್ರಿಕ್ ಮಾತ್ರೆಯ ದುಂದನ್ನು ತಪ್ಪಿಸುತ್ತದೆ, ಎರಡನೆಯದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದನ್ನು ತಪ್ಪಿಸುತ್ತದೆ, ಮೂರನೆಯದು ನೂರರಲ್ಲಿ ಆ ಆರು ಮಂದಿಯನ್ನು ಕಾಯುತ್ತದೆ. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವವರಿಗೆ ಒಂದೇ ಉತ್ತರ: ಉತ್ತರ ಸಿಗದೆ ಹೋದ ರೋಗಿ ಅದೇ ಸಾಲಿಗೆ ಮತ್ತೆ ಬಂದು ನಿಲ್ಲುತ್ತಾನೆ, ಆಗ ಖರ್ಚಾಗುವ ಸಮಯ ಇದಕ್ಕೆ ತಗಲುವ ಕೆಲವು ನಿಮಿಷಗಳಿಗಿಂತ ಹೆಚ್ಚು.